ಮಂಗಳವಾರಕ್ಕೆ ಉಳಿಸಿದ ಹಾಡು

ಭಾನುವಾರ ಬೆಳಿಗ್ಗೆಯಿಂದ ಕೆಳಗಿನ ಮನೆಯಲ್ಲಿ ಸದ್ದೇ ಇರಲಿಲ್ಲ. ಶಿವಪ್ರಸಾದ ಕಾಫಿ ಲೋಟ ಹಿಡಿದು ಕಿಟಕಿಯ ಪಕ್ಕದ, ಹಬೆಯಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಮೊಣಕಾಲು ತಾಗಿಸಿ ನಿಂತಿದ್ದ. ರಸ್ತೆಯಾಚೆ ಕರಗದೆ ಕಪ್ಪಾಗಿ ಉಳಿದ ಹಿಮದ ಗುಡ್ಡೆಯನ್ನು ನೋಡುವವನಂತೆ ನಟಿಸುತ್ತ ಕಿವಿಯನ್ನೆಲ್ಲ ಆ ಕಬ್ಬಿಣದ ಕೊಳವೆಗೇ ಕೊಟ್ಟಿದ್ದ. ನ್ಯೂಆರ್ಕಿನ ಪಕ್ಕದ ಹ್ಯಾರಿಸನ್ ಊರಿನ ಈ ಹಳೆಯ ಎರಡಂತಸ್ತಿನ ಮನೆಯಲ್ಲಿ ಹಬೆಯ ಜೊತೆಗೆ ಕೆಳಗಿನವರ ಬದುಕೂ ಅಷ್ಟಿಷ್ಟು ಮೇಲಕ್ಕೆ ಬರುತ್ತಿತ್ತು: ಪಾತ್ರೆ ತೊಳೆಯುವುದು, ಟೀವಿಯೊಳಗಿನ ನಗು, ಕೆಮ್ಮು, ಮತ್ತು ಕಳೆದ ಅಕ್ಟೋಬರಿನಿಂದ ಶುಕ್ರವಾರ ಶುಕ್ರವಾರ ಆ ಹಾಡು. ಕೆಳಗಿನ ಮನೆಯವಳು ದಿನವೂ ಹಾಡುತ್ತಿದ್ದಳೋ ಏನೋ, ಕೆಲಸದ ದಿನಗಳಲ್ಲಿ ಅವನು ಮನೆಯಲ್ಲಿರುತ್ತಿದ್ದುದು ಶುಕ್ರವಾರ ಮಾತ್ರ. ಬ್ಯಾಂಕುಗಳು ಬಿದ್ದ ಮೇಲೆ ಅವನ ಕಂಪನಿ ಅವನನ್ನು ತೆಗೆಯಲಿಲ್ಲ, ಅವನ ಶುಕ್ರವಾರವನ್ನು ತೆಗೆದುಹಾಕಿತು. ಸೇತುವೆಗಳ ತಪಾಸಣೆ ಮಾಡುವ ಎಂಜಿನಿಯರು, ಐವತ್ತು ದಾಟಿದವನು, ಹೆಂಡತಿ ರಾಜಿ ಟಿಫಿನ್ ಕಟ್ಟಿಕೊಂಡು ಕೆಲಸಕ್ಕೆ ಹೋದ ಮೇಲೆ ಪೈಜಾಮದಲ್ಲಿ ಮನೆಯೊಳಗೆ ಓಡಾಡುವುದೆಂದರೆ ಯಾರದೋ ಮನೆಗೆ ನುಗ್ಗಿದ ಕಳ್ಳನಂತೆ ಅನಿಸುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ ಆ ದನಿ ಮೊದಲ ಸಲ ಕೊಳವೆ ಹತ್ತಿ ಬಂದಾಗ ಅವನು ಬೆಚ್ಚಿದ್ದ. ದನಿ ಚೆನ್ನಾಗಿತ್ತೆಂದು ಬೆಚ್ಚಿದ್ದಲ್ಲ. ಮೇಲಿನ ಸ್ವರಕ್ಕೆ ಹೋಗಿ ಅಲ್ಲಿ ಸ್ವಲ್ಪ ಸೀಳಿ, ಸೀಳಿದ್ದನ್ನು ಮುಚ್ಚದೆ ಹಾಗೇ ಬಿಟ್ಟು ಇಳಿಯುವ ಆ ರೀತಿ ಅವನಿಗೆ ಗೊತ್ತಿತ್ತು.

ಕೆಳಗಿನ ಮನೆಯ ಒಡೆಸ್ಸಾ ಟಾಲಿವರ್ ಎಪ್ಪತ್ತು ದಾಟಿದ ಕಪ್ಪು ಹೆಂಗಸು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ ನಿವೃತ್ತಳಾದವಳು ಎಂದಷ್ಟೇ ಇವರಿಗೆ ಗೊತ್ತಿದ್ದುದು. ಅವಳು ಯಾರು ಎಂದು ಹೇಳಿದವಳು ಕಾಲೇಜಿನಿಂದ ರಜಕ್ಕೆ ಬಂದಿದ್ದ ಮಗಳು ಅನು. ಲ್ಯಾಪ್‌ಟಾಪಿನ ಮೇಲೆ ಒಂದು ಹಳೆಯ ಫೋಟೋ ತೋರಿಸಿ, "ಅಪ್ಪಾ, ಶಿ ಈಸ್ ಲೈಕ್ ಎ ಲೆಜೆಂಡ್. ಲಂಡನ್ನಲ್ಲಿ ಜನ ಇವಳ ರೆಕಾರ್ಡಿಗೆ ಹುಚ್ಚರಾಗಿದಾರೆ," ಎಂದಿದ್ದಳು. ಫೋಟೋದಲ್ಲಿ ಎತ್ತರಕ್ಕೆ ಕೂದಲು ಕಟ್ಟಿದ, ಮಿನುಗುವ ಉಡುಪಿನ ಹುಡುಗಿಯೊಬ್ಬಳು ಮೈಕನ್ನು ಬಾಯಿಗಲ್ಲ, ಕೆನ್ನೆಗೆ ಆನಿಸಿ ನಿಂತಿದ್ದಳು. ಉಳಿದದ್ದು ಆಮೇಲೆ ಮೆಟ್ಟಿಲ ಬಳಿ, ಅಂಚೆ ಡಬ್ಬಿಯ ಬಳಿ, ಹಿಮ ಗೋರುವಾಗ ತುಂಡು ತುಂಡಾಗಿ ಅವಳ ಬಾಯಿಂದಲೇ ಬಂತು. ಜಾರ್ಜಿಯಾದಲ್ಲಿ ಹುಟ್ಟಿದ್ದು, ಚಿಕ್ಕವಳಿದ್ದಾಗ ನ್ಯೂಆರ್ಕಿಗೆ ಬಂದದ್ದು, ಚರ್ಚಿನಲ್ಲಿ ಹಾಡುತ್ತಿದ್ದವಳನ್ನು ಯಾರೋ ಕ್ಲಬ್ಬಿಗೆ ಕರೆದುಕೊಂಡು ಹೋದದ್ದು, ಒಂದು ಹಾಡು ಒಂದು ಬೇಸಿಗೆಯಿಡೀ ಎಲ್ಲ ರೇಡಿಯೋಗಳಲ್ಲೂ ಬಂದದ್ದು. ದಕ್ಷಿಣದ ಊರುಗಳಲ್ಲಿ ಅವಳ ಹಾಡಿಗೆ ಕುಣಿದವರೇ ಅವಳಿಗೆ ಮಲಗಲು ಜಾಗ ಕೊಡದೆ ಬಸ್ಸಿನಲ್ಲೇ ಮಲಗಿಸಿದ್ದು. ಆಮೇಲೆ ಎರಡು ರೆಕಾರ್ಡು, ಎರಡೂ ಓಡಲಿಲ್ಲ. ಆಮೇಲೆ ಅಂಚೆ ಕಚೇರಿ. ಇಷ್ಟನ್ನೂ ಅವಳು ತರಕಾರಿ ಮಾರುಕಟ್ಟೆಗೆ ಹೋಗಿ ಬಂದದ್ದನ್ನು ಹೇಳುವಂತೆ ಹೇಳುತ್ತಿದ್ದಳು. ವಿಚಿತ್ರವೆಂದರೆ, ಅವಳ ಎಳೆದೆಳೆದು ಆಡುವ ಆ ದಕ್ಷಿಣದ ಇಂಗ್ಲಿಷು ಶಿವಪ್ರಸಾದನ ಕಿವಿಗೆ ಬೀಳುವ ಹೊತ್ತಿಗೆ ತಾನಾಗಿಯೇ ಅವನ ಊರಾದ ಹಾವೇರಿ ಕಡೆಯ ಮಾತಾಗಿಬಿಡುತ್ತಿತ್ತು. ಆಫೀಸಿನವರ ಇಂಗ್ಲಿಷು ಅವನಿಗೆ ಇಷ್ಟು ವರ್ಷವಾದರೂ ಇಂಗ್ಲಿಷಾಗಿಯೇ ಕೇಳಿಸುತ್ತಿತ್ತು. ಇವಳೊಬ್ಬಳದು ಮಾತ್ರ ಹೀಗೆ.

ಹೋದ ವಾರ ಅವಳು ಮೆಟ್ಟಿಲು ಹತ್ತಿ ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು ದಮ್ಮು ತೆಗೆದುಕೊಂಡು, "ರವಿವಾರ ನನ್ನ ನ್ಯೂಆರ್ಕಿಗೆ ಮುಟ್ಟಸ್ತೀಯೇನು ಪ್ರಸಾದ? ನನ್ನ ತಂಗಿ ಮಗನ ಕಾರು ಬ್ಯಾಂಕಿನವರು ಒಯ್ದಾರ," ಎಂದಿದ್ದಳು. ಅವಳ ಚರ್ಚಿಗೆ ಎಪ್ಪತ್ತೈದು ವರ್ಷವಂತೆ, ಕೆಳಗಿನ ಸಭಾಂಗಣದಲ್ಲಿ ಅವಳ ಹಾಡು. ಅವನು ಆಗಲಿ ಎಂದ ಮೇಲೂ ಅವಳು ಹೋಗಲಿಲ್ಲ. "ಇನ್ನೊಂದು ಮಾತು ಐತಿ. ಆ ಹಾಡು ಈಗ ನನ್ನ ಕಡೆ ಎರಡ ಉಳದಾವ. ಒಂದು ರವಿವಾರಕ್ಕ, ಒಂದು ಮಂಗಳವಾರಕ್ಕ." ಗಂಟಲಿನ ಡಾಕ್ಟರು ಅವಳಿಗೆ ಸ್ಪಷ್ಟವಾಗಿಯೇ ಹೇಳಿದ್ದರು: ಸ್ವರತಂತುಗಳ ಮೇಲೆ ಗಂಟು ಬಂದಿದೆ, ಆ ಎತ್ತರಕ್ಕೆ ಒಂದು ಸಲ ಹೋಗಿ ಬಂದರೆ ಪೂರ್ತಿ ಒಂದು ದಿನ ಬಾಯಿ ಮುಚ್ಚಿಕೊಂಡಿರಬೇಕು, ಮೇಲಿಂದ ಮೇಲೆ ಹೋದರೆ ಆಮೇಲೆ ಯಾವತ್ತೂ ಹೋಗಲಿಕ್ಕಿಲ್ಲ. ಮಂಗಳವಾರ ಲಂಡನ್ನಿನ ಹುಡುಗನೊಬ್ಬ ಬರುತ್ತಾನೆ. ಅವಳ ಹಳೆಯ ಹಾಡನ್ನು ಈ ವಯಸ್ಸಿನ ದನಿಯಲ್ಲಿ ಹೊಸದಾಗಿ ರೆಕಾರ್ಡು ಮಾಡುತ್ತಾನೆ. ಸ್ಟುಡಿಯೋ ಸಿಕ್ಕಿರುವುದು ಆ ಒಂದೇ ದಿನಕ್ಕೆ, ತಿಂಗಳ ಕೊನೆಗೆ ಅದನ್ನೂ ಮುಚ್ಚುತ್ತಾರೆ. "ನಮ್ಮ ಮಂದಿ ನಿನಗ ಗೊತ್ತಿಲ್ಲ. ಎದ್ದು ನಿಂತು ಮತ್ತ ಹಾಡು ಅಂತಾರ, ಬಿಡೂದ ಇಲ್ಲ. ನನಗ ಬ್ಯಾಡ ಅನ್ನಾಕ ಬರೂದಿಲ್ಲ. ನೀ ಮುಂದ ಕೂಡು, ನನ್ನ ಕೋಟು ಹಿಡಕೊಂಡು. ಹಾಡು ಮುಗೀತು ಅಂದಕೂಡ್ಲೇ ಕೋಟು ತಗೊಂಡು ನೆಟ್ಟಗ ಬಂದುಬಿಡು. ಕೋಟು ಕಂಡ್ರ ಮನಿಗೆ ಹೋಗೂದು ನೆನಪಾಕ್ಕೈತಿ." ಯಾಕೆ ತನಗೇ ಹೇಳುತ್ತಿದ್ದಾಳೆ ಎಂಬುದನ್ನೂ ಅವಳೇ ಹೇಳಿದಳು: "ನೀ ಗದ್ದಲ ಮಾಡೋ ಪೈಕಿ ಅಲ್ಲ." ಅವನಿಗೆ ಅದು ಹೊಗಳಿಕೆಯೆಂದೇ ಅನಿಸಿ ಹೆಮ್ಮೆಯಾಗಿತ್ತು.

"ಅಲ್ಲಾ ರೀ, ಕಾರು ನೀವು ತಗೊಂಡು ಹೋದ್ರೆ ನಾನು ಪ್ಲೇನ್ಸ್‌ಬರೋಗೆ ಹೆಂಗೆ ಹೋಗ್ಲಿ?" ರಾಜಿ ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತ ಕೇಳಿದಳು. ಕನ್ನಡ ಕೂಟದ ಯುಗಾದಿಗೆ ಸಮೂಹಗಾನದ ರಿಹರ್ಸಲ್ ಅವತ್ತೇ ಎರಡು ಗಂಟೆಗೆ. ಕೂಟದ ಗೆಳತಿ ವಿಜಿಗೆ ಫೋನ್ ಮಾಡು ಎಂದು ಅವನು ಅಂದ. "ವಿಜಿ ಮಾನ್ಮತ್ ಜಂಕ್ಷನ್ನಿಂದ ಇಲ್ಲೀವರೆಗೂ ಡ್ರೈವ್ ಮಾಡ್ಕೊಂಡು ಬರ್ತಾಳಾ? ಬಿಡಿ, ಟ್ರೇನಲ್ಲಿ ಪ್ರಿನ್ಸ್‌ಟನ್ ಜಂಕ್ಷನ್‌ವರೆಗೂ ಹೋಗ್ತೀನಿ, ಅಲ್ಲಿಂದ ಪಿಕಪ್ ಮಾಡ್ತಾಳೆ." ಕನ್ನಡಿಯಲ್ಲಿ ಅವನ ಮುಖ ಹುಡುಕಿ ನಕ್ಕಳು. "ನಮ್ಮ ಪ್ರೋಗ್ರಾಮಿಗೆ ಬನ್ನಿ ಅಂದ್ರೆ ನಿಮಗೆ ತಲೆನೋವು. ನಾವು ಬಾಯಿ ತೆಗೆಯೋ ಹೊತ್ತಿಗೆ ಸರಿಯಾಗಿ ಎದ್ದುಹೋಗಿ ವೆಂಡಿಂಗ್ ಮೆಷಿನ್ ಹತ್ರ ನಿಂತಿರ್ತೀರಿ. ಹಾಡು ಅಂದ್ರೆ ಮಾರು ದೂರ ಓಡೋರು, ಈಗ ನೋಡಿದ್ರೆ ಟೈ ಕಟ್ಕೊಂಡು ಹಾಡು ಕೇಳೋಕೆ ಹೊರಟಿದೀರಿ." ಅದು ನಿಜವಾಗಿತ್ತು. ಕೂಟದಲ್ಲಿ ಹೆಂಗಸರು ಸಾಲಾಗಿ ನಿಂತು ಶ್ರುತಿ ಹಿಡಿಯುವ ಹೊತ್ತಿಗೆ ಅವನು ಬಾಗಿಲು ಹುಡುಕುತ್ತಿದ್ದ. ಚೆನ್ನಾಗಿ ಹಾಡಿಬಿಟ್ಟರೆ ಎಂಬ ಭಯ, ಹಾಡಿದ ಮೇಲೆ ಯಾರಾದರೂ ಇನ್ನೊಮ್ಮೆ ಎಂದುಬಿಟ್ಟರೆ ಎಂಬ ಭಯ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಗೂ ಅವನು ಇದನ್ನು ತಲೆನೋವು ಎಂದೇ ಹೇಳಿಕೊಂಡು ಬಂದಿದ್ದ. "ಅವರಿಗೆ ಕಾರಿಲ್ಲ, ಪಾಪ," ಎಂದ. "ನಾನೇನು ಬೇಡ ಅಂದ್ನಾ? ಚಳಿ ಇದೆ, ಮಫ್ಲರ್ ಹಾಕ್ಕೊಂಡು ಹೋಗಿ," ಎಂದು ರಾಜಿ ಮೆಟ್ಟಿಲಿಳಿದಳು.

ಒಡೆಸ್ಸಾ ಕಾರಿನಲ್ಲಿ ಮಾತಾಡಲಿಲ್ಲ. ಮಾತೂ ದನಿಯ ಖರ್ಚೇ ಎಂದು ಅವಳು ಮೊದಲೇ ಹೇಳಿದ್ದಳು. ನೀಲಿ ಉಡುಪು, ತಲೆಗೆ ಅದೇ ಬಣ್ಣದ ಅಗಲವಾದ ಹ್ಯಾಟು, ಕೊರಳಿಗೆ ಎರಡು ಸುತ್ತು ಉಣ್ಣೆಯ ಬಟ್ಟೆ. ಕಾರಿನ ಹೀಟರಿಗೆ ಕೈಯೊಡ್ಡಿ, ತುಟಿಯನ್ನು ಬಿಗಿಯಾಗಿ ಮುಚ್ಚಿಕೊಂಡು, ಮೂಗಿನಿಂದಲೇ ಉಸಿರಾಡುತ್ತ ಕೂತಿದ್ದಳು. ಪಸೇಯಿಕ್ ನದಿಯ ಸೇತುವೆ ಹತ್ತುವಾಗ ಅಭ್ಯಾಸದಂತೆ ಅವನ ಕಣ್ಣು ತೊಲೆಗಳ ಕೀಲುಗಳ ಮೇಲೆ ಹೋಯಿತು. ಉಕ್ಕು ಕೂಡ ದಣಿಯುತ್ತದೆ. ಲಕ್ಷಾಂತರ ಲಾರಿಗಳನ್ನು ಹೊತ್ತದ್ದು ಯಾವ ಲಾರಿಗೆ ಸೀಳುತ್ತದೆ ಎಂದು ಹೇಳುವುದಿಲ್ಲ. ಅವನು ಮಾಡಬಹುದಾದದ್ದು ಭಾರ ಕಡಿಮೆ ಮಾಡಿರಿ ಎಂದು ಫಲಕ ಹಾಕುವುದಷ್ಟೇ. ಇಡೀ ಆಯುಷ್ಯ ಅದನ್ನೇ ಮಾಡಿದ್ದ: ಭಾರ ಕಡಿಮೆ ಮಾಡಿರಿ, ಇಲ್ಲಿ ನಿಲ್ಲಬೇಡಿ, ನಿಧಾನ ಹೋಗಿ. ಮನೆಯಲ್ಲಿ ಅವ್ವನಿಗೂ ಅದನ್ನೇ ಮಾಡಿದ್ದ. ಗೌರಿ ಹಬ್ಬದ ಸಂಜೆ, ರಾಜಾಜಿನಗರದ ಬಾಡಿಗೆ ಮನೆ, ಹೊಸದಾಗಿ ಮದುವೆಯಾದ ರಾಜಿ ನೆರೆಹೊರೆಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು, "ಅತ್ತೆ, ನೀವೊಂದು ಹಾಡು ಹೇಳಿ. ಇವರು ಹೇಳಿದ್ರು, ನೀವು ಸ್ಕೂಲಲ್ಲಿ ಸಂಗೀತ ಟೀಚರ್ ಆಗಿದ್ರಂತೆ," ಎಂದಾಗ ಹೊರಗಿನ ಕೋಣೆಯಲ್ಲಿ ಪೇಪರು ಹಿಡಿದಿದ್ದ ಅವನು ಅಲ್ಲಿಂದಲೇ ಕೂಗಿ ಹೇಳಿದ್ದ, "ಅವ್ವಗ ಗಂಟಲು ನೋವೈತಿ." ಪರದೆಯ ಸಂದಿಯಿಂದ ಕಾಣುತ್ತಿತ್ತು. ಅವ್ವ ಅವನಿದ್ದ ಕಡೆ ಒಂದು ಕ್ಷಣ ನೋಡಿದಳು, ಆಮೇಲೆ ಸುದ್ದಿ ಈಗಷ್ಟೇ ತಿಳಿದವಳಂತೆ ಕೈಯನ್ನು ನಿಧಾನವಾಗಿ ಗಂಟಲಿಗೆ ಒಯ್ದು ಮುಟ್ಟಿಕೊಂಡಳು. "ಹೌದವಾ, ನೋವೈತಿ," ಎಂದಳು. ಅವನು ಕೊಟ್ಟ ಆ ನೋವು ಅವಳಿಗೆ ಸಾಯುವವರೆಗೂ ಹೋಗಲಿಲ್ಲ. ಯಾರು ಕೇಳಿದರೂ ನಿಂಗಮ್ಮನವರಿಗೆ ಗಂಟಲು ನೋವು. ಮಗ ತನ್ನನ್ನು ಎಷ್ಟು ಜೋಪಾನ ಮಾಡುತ್ತಾನೆ ನೋಡಿರಿ ಎಂದು ಅವಳೇ ಓಣಿಯವರೆದುರು ಹೇಳಿಕೊಂಡದ್ದೂ ಉಂಟು. ಸೇತುವೆ ಮುಗಿದು ನ್ಯೂಆರ್ಕಿನ ಟ್ರಾಫಿಕ್ ದೀಪದ ಬಳಿ ಕಾರು ನಿಂತಾಗ ಒಡೆಸ್ಸಾ ಅವನ ತೋಳು ತಟ್ಟಿ ಬಲಕ್ಕೆ ಎಂದು ಬೆರಳಿನಲ್ಲಿ ತೋರಿಸಿದಳು. ಅವನು ಎಡಕ್ಕೆ ಸಿಗ್ನಲ್ ಹಾಕಿಕೊಂಡು ನಿಂತಿದ್ದ.

ಸಭಾಂಗಣ ಚರ್ಚಿನ ನೆಲಮಾಳಿಗೆಯಲ್ಲಿತ್ತು. ತಗ್ಗಿನ ಛಾವಣಿ, ಮಡಚುವ ಕುರ್ಚಿಗಳು, ಗೋಡೆಗುಂಟ ಮೇಜುಗಳ ಮೇಲೆ ಹುರಿದ ಕೋಳಿಯ, ಸಿಹಿಗೆಣಸಿನ ವಾಸನೆ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ಅವನನ್ನು ಮುಂದಿನ ಸಾಲಿಗೆ ಕರೆದೊಯ್ದು, ಪಾದ್ರಿಯ ಪಕ್ಕದ ಕುರ್ಚಿ ತೋರಿಸಿದಳು. ಇನ್ನೂರು ಜನರ ನಡುವೆ ಅವನೊಬ್ಬನೇ ಕಂದು ಬಣ್ಣದವನು, ಅವನೊಬ್ಬನೇ ಮಡಿಲಲ್ಲಿ ಹೆಂಗಸಿನ ಕೋಟು ಇಟ್ಟುಕೊಂಡು ಕೂತವನು. ಹಿಂದಿನ ಸಾಲಿನ ಮುದುಕ ಬಗ್ಗಿ, "ಮಿಸ್ ಒಡೆಸ್ಸಾನ ಡಾಕ್ಟರೇನ್ರಿ ನೀವು?" ಎಂದು ವಿಚಾರಿಸಿದ. ಅಲ್ಲ, ಮೇಲಿನ ಮನೆಯವನು ಎಂದರೆ ಅವನಿಗೆ ಅರ್ಥವಾಗಲಿಲ್ಲ. ಭಾರತದವರು ಡಾಕ್ಟರಾಗಿರದಿದ್ದರೆ ಇಲ್ಲಿಗೇಕೆ ಬರುತ್ತಾರೆ ಎನ್ನುವಂತೆ ತಲೆಯಾಡಿಸಿ ಹಿಂದಕ್ಕೊರಗಿದ. ಪಕ್ಕವಾದ್ಯಕ್ಕೆ ಆರ್ಗನ್ ಒಂದೇ ಇತ್ತು. ಡ್ರಮ್ಮಿನವನು, ಗಿಟಾರಿನವನು ಬರುವುದಿತ್ತಂತೆ, ಅವರನ್ನು ಕರೆಸುವುದಾಗಿ ಹೇಳಿದ್ದ ಅಂಗಡಿಯವನ ಅಂಗಡಿಯೇ ಜನವರಿಯಲ್ಲಿ ಮುಚ್ಚಿತಂತೆ. ಅವಳು ಬಂದು ನಿಂತಳು. ಹ್ಯಾಟು ತೆಗೆದಿಟ್ಟಳು. ಮೊದಲ ಮೂರು ಹಾಡುಗಳನ್ನು ಅವಳು ಕೆಳಗಿನ ದನಿಯಲ್ಲೇ, ದುಡ್ಡಿದ್ದವರು ಚಿಲ್ಲರೆ ಕೊಡುವಷ್ಟು ಹಗುರವಾಗಿ ಹಾಡಿದಳು. ಜನ ಸುಮ್ಮನೆ ಕೂತಿರಲಿಲ್ಲ. ಅವಳು ಒಂದು ಸಾಲು ಹೇಳಿದರೆ ಅವರು ಮರುಸಾಲು ಹೇಳುತ್ತಿದ್ದರು, ಹೌದು ಎನ್ನುತ್ತಿದ್ದರು, ಹೇಳವ್ವಾ ಹೇಳು ಎನ್ನುತ್ತಿದ್ದರು, ಒಬ್ಬ ಹೆಂಗಸು ನೆಲಕ್ಕೆ ಕಾಲು ಬಡಿದು ಉಹ್ಞೂಂ ಎಂದು ತನಗೆ ತಾನೇ ವಾದ ಮಾಡಿಕೊಳ್ಳುತ್ತಿದ್ದಳು. ಅವನು ಬೆನ್ನು ನೆಟ್ಟಗೆ ಮಾಡಿ, ಕೋಟಿನ ಮೇಲೆ ಎರಡೂ ಅಂಗೈ ಊರಿ, ಪರೀಕ್ಷೆಗೆ ಕೂತವನಂತೆ ಕೂತಿದ್ದ. ಇಷ್ಟು ಗದ್ದಲದಲ್ಲಿ ತಾನೊಬ್ಬ ಗಂಭೀರವಾಗಿದ್ದೇನೆ, ಅದಕ್ಕೇ ಅವಳು ತನ್ನನ್ನು ಆರಿಸಿದ್ದಾಳೆ ಎಂದುಕೊಂಡ.

ಆಮೇಲೆ ಆರ್ಗನ್ನಿನವನು ಆ ಹಾಡಿನ ಮೊದಲ ಎಳೆ ಹಿಡಿದ. ಶುಕ್ರವಾರಗಳೆಲ್ಲ ಕೊಳವೆಯಲ್ಲಿ ಕೇಳಿದ್ದು ಈಗ ಮೈಪಡೆದು ಎದುರಿಗೆ ನಿಂತಿತ್ತು. ಬಿಟ್ಟುಹೋಗುವ ಗಂಡನಿಗೆ ಬಸ್ ನಿಲ್ದಾಣದಲ್ಲಿ ಹೆಂಡತಿ ಹೇಳುವ ಮಾತು. ಹೋಗುವುದಾದರೆ ಹೋಗು, ಪೆಟ್ಟಿಗೆ ತಗೊಂಡು ಹೋಗು, ಒಲೆ ಬೇಕಾದರೆ ಒಲೆಯನ್ನೂ ಕಿತ್ತುಕೊಂಡು ಹೋಗು, ನಿನಗೆ ಕೊಟ್ಟಿದ್ದ ನನ್ನ ಹೆಸರನ್ನು ಮಾತ್ರ ನನಗೆ ವಾಪಸ್ ಕೊಟ್ಟು ಹೋಗು. ಆ ಹೆಸರು ಎಂಬ ಜಾಗದಲ್ಲಿ ದನಿ ಮೇಲಕ್ಕೆ ಹೋಗಬೇಕು. ಅವನ ಕಣ್ಣಿಗೆ ಬಂದದ್ದು ಎಷ್ಟೋ ವರ್ಷಗಳ ಹಿಂದಿನ ದಾವಣಗೆರೆಯ ತಗಡಿನ ಥಿಯೇಟರು. ಅವನು ಪಿಯುಸಿ ಓದಲು ಹಾಸ್ಟೆಲಿನಲ್ಲಿದ್ದ, ಅವ್ವ ಸ್ಕೂಲ್ ಟೀಚರು ಎಂದು ಗೆಳೆಯರಿಗೆಲ್ಲ ಹೇಳಿಕೊಂಡಿದ್ದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಆ ವರ್ಷ ಅವ್ವ ಪಾತ್ರ ಮಾಡುತ್ತಿದ್ದ ನಾಟಕ ಕಂಪನಿ ದಾವಣಗೆರೆಗೇ ಬಂದು ಡೇರೆ ಹಾಕಿತು. ಗೆಳೆಯರು ಟಿಕೀಟು ತಂದರು. ಬರುವುದಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ನಾಲ್ಕಾಣೆಯ ಬೆಂಚಿನಲ್ಲಿ ಅವರ ನಡುವೆ ಒತ್ತಿ ಕೂತು ಅವನು ತನ್ನ ಅವ್ವ ರಾಣಿಯಾಗಿ ವಿಷ ಕುಡಿದು ಹಾಡುವುದನ್ನು ನೋಡಿದ. ಹಾಡು ಮುಗಿದು ಅವಳು ಸತ್ತುಬಿದ್ದಳು. ಥಿಯೇಟರು ಎದ್ದುನಿಂತು ವನ್ಸ್ ಮೋರ್ ಎಂದು ಅರಚಿತು. ಸತ್ತ ರಾಣಿ ಎದ್ದು ಕೈಮುಗಿದು ಮತ್ತೆ ವಿಷ ಕುಡಿದಳು, ಮತ್ತೆ ಹಾಡಿದಳು. ಕಂಪನಿ ನಾಟಕದಲ್ಲಿ ಅದು ಹಾಗೆಯೇ, ಜನ ಕೇಳಿದರೆ ಸತ್ತವರೂ ಏಳಬೇಕು. ಎರಡನೆಯ ಸಲ ದನಿ ಒರಟಾಯಿತು. ಮತ್ತೆ ವನ್ಸ್ ಮೋರ್ ಎದ್ದಿತು. ಪಕ್ಕದವನು ಅವನ ಪಕ್ಕೆಗೆ ತಿವಿದು, "ಯಾಕಲೇ ಶಿವ್ಯಾ, ನಿಮ್ಮ ಅತ್ತಿ ಮಗಳೇನಲೇ ಆಕಿ, ಸುಮ್ನ ಕುಂತಿ," ಎಂದ. ಅವನು ಎದ್ದುನಿಂತ. ಎಲ್ಲರಿಗಿಂತ ಜೋರಾಗಿ ಕೂಗಿದ. ರಾಣಿಯ ಮುಖ ಆ ಕಡೆ ತಿರುಗಿತು. ಬೆಳಕು ಅವಳ ಕಣ್ಣಿಗಿತ್ತು, ಕತ್ತಲಲ್ಲಿ ಕಂಡಿತೋ ಇಲ್ಲವೋ. ಮೂರನೆಯ ಸಲ ಹಾಡು ಮಧ್ಯಕ್ಕೆ ಬಂದು ಹರಿದುಹೋಯಿತು. ಹರಿದ ಹಾಡಿಗೆ ಜನ ಸಿಳ್ಳೆ ಹಾಕಿದರು. ಆ ಮಳೆಗಾಲದ ಹೊತ್ತಿಗೆ ಅವಳಿಗೆ ಮುದುಕಿಯ ಪಾತ್ರ ಕೊಟ್ಟರು, ಅದರಲ್ಲಿ ಹಾಡಿರಲಿಲ್ಲ. ನಾಟಕದ ರಾತ್ರಿಯ ಮರುದಿನ ಹಾಸ್ಟೆಲಿಗೆ ಅವಳು ಚುರುಮುರಿ ಕಟ್ಟಿಸಿ ಕಳಿಸಿದ್ದಳು, ಏನೂ ಹೇಳಿ ಕಳಿಸಿರಲಿಲ್ಲ.

ಒಡೆಸ್ಸಾಳ ದನಿ ಮೇಲಕ್ಕೆ ಹೋಯಿತು. ಅವನ ಬೆರಳುಗಳು ಕೋಟಿನ ಉಣ್ಣೆಯೊಳಗೆ ಹೂತುಹೋದವು. ಅದು ಕೊಳವೆಯಲ್ಲಿ ಕೇಳಿದ್ದಕ್ಕಿಂತ ತೆಳ್ಳಗಿತ್ತು. ಒಂದು ಎಳೆಯ ಮೇಲೆ ನಡೆಯುತ್ತಿತ್ತು, ಬೀಳುತ್ತದೆ ಎನ್ನುವಷ್ಟರಲ್ಲಿ ಆ ಸೀಳಿನಲ್ಲೇ ಕಾಲೂರಿ, ಹೆಸರು ಎಂಬುದನ್ನು ಇಡೀ ಸಭೆಯ ಮೇಲೆ ಹಿಡಿದು, ಇಳಿಯಿತು. ಮುಗಿಯಿತು. ಜನ ಒಂದೇ ಸಲಕ್ಕೆ ಎದ್ದರು. ಅವಳು ಅವರನ್ನು ನೋಡಲಿಲ್ಲ, ಅವನನ್ನು ನೋಡಿದಳು. ಕೋಟು ತಾ ಎಂದು ಅವಳ ಕಣ್ಣು ಹೇಳಿತು. ಅವನು ಎದ್ದ. ಕೋಟನ್ನು ತೋಳುಗಳ ಕಡೆ ಬಿಡಿಸಿ ಹಿಡಿದು ಎರಡು ಹೆಜ್ಜೆ ಇಟ್ಟ. ಪಾದ್ರಿ ಕೈಯೆತ್ತಿ ಪ್ರಾರ್ಥನೆಗೆ ಸಿದ್ಧನಾಗುತ್ತಿದ್ದ, ಚಪ್ಪಾಳೆ ಇಳಿಯುತ್ತಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ಯಾರೂ ಮತ್ತೆ ಹಾಡು ಎನ್ನಲಿಲ್ಲ, ಅವಳ ಗಂಟಲಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು.

"ವನ್ಸ್ ಮೋರ್!"

ಅದು ಯಾರ ದನಿ ಎಂದು ಅವನೇ ತಿರುಗಿ ನೋಡುವುದರಲ್ಲಿದ್ದ. ಹೊಟ್ಟೆಯ ಯಾವುದೋ ತಳದಿಂದ, ಹಾವೇರಿಯ ನಾಲಿಗೆಯಲ್ಲಿ, ನಾಲ್ಕಾಣೆಯ ಬೆಂಚಿನ ಗಟ್ಟಿತನದಲ್ಲಿ ಬಂದಿತ್ತು ಅದು. ಈ ಚರ್ಚಿನಲ್ಲಿ ಹಾಗೆ ಯಾರೂ ಕೂಗುವುದಿಲ್ಲ. ಪಾದ್ರಿಯ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಹಿಂದಿನ ಸಾಲಿನ ಮುದುಕ ಹೋ ಎಂದು ನಕ್ಕು, ಡಾಕ್ಟರೇ ಹೇಳಿದ ಮೇಲೆ ಇನ್ನೇನು ಎನ್ನುವಂತೆ, ಅದೇ ಮಾತನ್ನು ಕೂಗಿದ. ಆಮೇಲೆ ಇನ್ನೊಬ್ಬರು, ಆಮೇಲೆ ಎಲ್ಲರೂ. ಶಿವಪ್ರಸಾದ ಕೋಟು ಹಿಡಿದುಕೊಂಡು ನಡುದಾರಿಯಲ್ಲಿ ನಿಂತಿದ್ದ. ಬಾಯಿ ತಪ್ಪಿ ಬಂತು ಎಂದು ಹೇಳಬಹುದಿತ್ತು, ಆದರೆ ಬಾಯಿ ತಪ್ಪಿರಲಿಲ್ಲ. ಅವನಿಗೆ ಬೇಕಾಗಿತ್ತು. ಆ ಹೆಸರು ಎಂಬ ಎತ್ತರ ಮತ್ತೊಮ್ಮೆ ಬೇಕಾಗಿತ್ತು, ಅದಕ್ಕಾಗಿ ಅವಳ ಮಂಗಳವಾರ ಹೋದರೂ ಪರವಾಗಿಲ್ಲ ಎನ್ನುವಷ್ಟು ಬೇಕಾಗಿತ್ತು. ತನ್ನೊಳಗೆ ಇಂಥ ಆಸೆಯೊಂದು ಇದೆ ಎಂದು ತಿಳಿದು ಅವನಿಗೆ ಹೇಸಿಗೆಯಾಯಿತು, ಅದರ ಹಿಂದೆಯೇ ಸಂತೋಷವೂ ಆಯಿತು. ಒಡೆಸ್ಸಾ ಅವನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಗುರುತು ಸಿಗದವನನ್ನು ಯಾವ ಊರಿನವನಿರಬಹುದು ಎಂದು ಅಳೆಯುವ ನೋಟ. ಆಮೇಲೆ ಅವಳು ಆರ್ಗನ್ನಿನವನ ಕಡೆ ತಿರುಗಿ ಒಂದು ಬೆರಳು ಎತ್ತಿದಳು.

ಈ ಸಲ ಅವಳು ಏನನ್ನೂ ಉಳಿಸಿಕೊಳ್ಳಲಿಲ್ಲ. ಪೆಟ್ಟಿಗೆಯಿಂದಲೇ, ಒಲೆಯಿಂದಲೇ ಪೂರ್ತಿ ದನಿ ತೆಗೆದು ಹಾಡಿದಳು. ಮೈಕನ್ನು ಕೆನ್ನೆಗೆ ಆನಿಸಿಕೊಂಡಳು. ಹೆಸರು ಎಂಬಲ್ಲಿಗೆ ಬಂದು ಮೇಲಕ್ಕೆ ಹೋದಳು, ಹೋಗಿ ಮುಟ್ಟಿದಳು, ಮುಟ್ಟಿದಲ್ಲೇ ದನಿ ಹರಿದುಹೋಯಿತು. ಹಳೆಯ ಸೀರೆ ಹರಿದಂತೆ ಸದ್ದಾಯಿತು. ಆರ್ಗನ್ ಸ್ವಲ್ಪ ದೂರ ಒಂದೇ ನಡೆದು, ಒಬ್ಬಂಟಿಯಾಗಿದ್ದು ಗೊತ್ತಾಗಿ ನಿಂತಿತು. ಸಿಳ್ಳೆ ಬರುತ್ತದೆ ಎಂದು ಶಿವಪ್ರಸಾದನ ಕಿವಿಗಳು ತಾವಾಗಿಯೇ ಬಿಗಿದುಕೊಂಡವು. ಬರಲಿಲ್ಲ. ಬಿಳಿ ಕೈಗವಸಿನ ಹೆಂಗಸು, "ಅವಸರಿಲ್ಲ ತಾಯಿ," ಎಂದಳು. ಇನ್ನೊಬ್ಬರು, "ನಾವು ಎಲ್ಲಿಗೂ ಹೋಗೂದಿಲ್ಲ," ಎಂದರು. ಒಡೆಸ್ಸಾ ಕಣ್ಣು ಮುಚ್ಚಿ ನಿಂತು, ಉಳಿದ ಸಾಲುಗಳನ್ನು ದನಿಯೇ ಇಲ್ಲದ ಬರೀ ಉಸಿರಿನಲ್ಲಿ, ಒಂದೊಂದು ಮಾತನ್ನೂ ಮುಗಿಸಿ ಇಟ್ಟಳು. ಮೊದಲ ಸಲದ್ದರಷ್ಟು ಅದು ಚೆನ್ನಾಗಿರಲಿಲ್ಲ. ಆದರೂ ಅದನ್ನು ಕೇಳಿ ಅವನು ಅತ್ತ. ಇಷ್ಟು ಜನರೆದುರು, ಟೈ ಕಟ್ಟಿಕೊಂಡು, ಹೆಂಗಸಿನ ಕೋಟಿನ ಕಾಲರಿನಲ್ಲಿ ಮೂಗು ಒರೆಸಿಕೊಳ್ಳುತ್ತ ಅತ್ತ.

ವಾಪಸು ಬರುವಾಗ ಹೊತ್ತು ಇನ್ನೂ ಇಳಿದಿರಲಿಲ್ಲ. ಬೀದಿಗಳಲ್ಲಿ ಭಾನುವಾರದ ಖಾಲಿತನ, ಮುಚ್ಚಿದ ಅಂಗಡಿಗಳ ಗಾಜಿನ ಮೇಲೆ ಬಾಡಿಗೆಗಿದೆ ಎಂಬ ಕಾಗದಗಳು. ಅವನು ಕ್ಷಮೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಜೋಡಿಸಿ ನಾಲ್ಕನ್ನೂ ಬಿಟ್ಟ. ಮಂಗಳವಾರ ಲಂಡನ್ನಿನ ಹುಡುಗ ಸ್ಟುಡಿಯೋದಲ್ಲಿ ಕಾದು ಕೂತಿರುವುದು ಕಣ್ಣಿಗೆ ಕಟ್ಟಿತು. ನದಿ ದಾಟಿದ ಮೇಲೆ ಅವಳು ಬಾಯಿ ತೆರೆದಳು. ಬಂದದ್ದು ಒಣಎಲೆಯ ಮೇಲೆ ನಡೆದಂಥ ಸದ್ದು.

"ಅದು ಮಂಗಳವಾರದ್ದು."

"ಗೊತ್ತೈತ್ರಿ," ಎಂದ. "ನಾನ ಕೂಗಿದ್ದು. ನನ್ನಿಂದ ನಿಮ್ಮ ರೆಕಾರ್ಡು..."

ಅವಳು ಕೈ ಅಡ್ಡ ತಂದಳು. "ನೀ ಕೂಗಿದಿ. ಹಾಡಿದಾಕಿ ನಾನು. ಬ್ಯಾಡಾಗಿದ್ರ ಕೋಟು ಹಾಕ್ಕೊಂಡು ಹೊಂಟುಬಿಡತಿದ್ದೆ, ನಾಕ ಹೆಜ್ಜಿ ದೂರ ಇತ್ತು." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಆ ಹುಡುಗ ಪಾಪ ಒಳ್ಳೆಯವ. ಆದ್ರ ಸ್ಟುಡಿಯೋದಾಗ ಗಾಜಿನ ಆಚೆ ಕುಂತು ಹೆಬ್ಬೆಟ್ಟು ತೋರಸ್ತಾನ." ಅವಳು ನಗಲಿಲ್ಲ. ಕಿಟಕಿಯ ಕಡೆ ತಿರುಗಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅವಳಿಗೆ ಮಂಗಳವಾರ ಬೇಕಾಗಿತ್ತು, ಅದು ಹೋಯಿತು, ಹೋದದ್ದಕ್ಕೆ ಸಂಕಟವೂ ಆಗುತ್ತಿತ್ತು. ಅದನ್ನು ಅವಳು ಅವನಿಂದ ಮುಚ್ಚಿಡಲಿಲ್ಲ. ದಾವಣಗೆರೆಯಲ್ಲೂ ಕೂಗಿದವನು ಅವನು, 'ಹಾಡಿದಾಕಿ' ಅವ್ವ. ಬೇಡವೆನಿಸಿದ್ದರೆ ಪರದೆ ಎಳೆಯಿರಿ ಎಂದು ಕೈಸನ್ನೆ ಮಾಡಬಹುದಿತ್ತು, ಸತ್ತ ರಾಣಿ ಸತ್ತೇ ಇರಬಹುದಿತ್ತು. ಅವಳು ತಾನಾಗಿ ಎದ್ದು ಮೂರನೆಯ ಸಲ ಹಾಡಿದ್ದಳು. ಇಷ್ಟು ವರ್ಷ ಅವನು ತನ್ನ ಕೂಗನ್ನು ಮಾತ್ರ ನೆನಪಿಟ್ಟುಕೊಂಡು, ಅದರ ಸಂಕಟದಿಂದ ಅವಳನ್ನು ಒಂದು ಮನೆಯೊಳಗೆ ಇಟ್ಟು, ಇಲ್ಲಿ ಹಾಡಬಾರದು ಎಂದು ಫಲಕ ಹಾಕಿದ್ದ.

ಮನೆಯೆದುರು ಕಾರು ನಿಲ್ಲಿಸಿದ. ಅವಳು ಇಳಿಯಲಿಲ್ಲ. "ಹಂಗ ಕೂಗೂದು ಎಲ್ಲಿ ಕಲತಿ?" ಎಂದಳು. "ನೀ ಗದ್ದಲ ಮಾಡೋ ಪೈಕಿ ಅಲ್ಲ ಅಂದಿದ್ನೆಲ್ಲ."

"ನಮ್ಮವ್ವ ಹಾಡತಿದ್ಲು," ಎಂದ. ಈ ದೇಶದಲ್ಲಿ, ಹೆಂಡತಿ ಮಗಳಿಗೂ ಹೇಳದ ಮಾತು ಕಾರಿನೊಳಗೆ ಇಷ್ಟು ಸುಲಭವಾಗಿ ಹೊರಬಿತ್ತು. "ನಾಟಕ ಕಂಪನಿಯೊಳಗ. ಸ್ಟೇಜಿನ ಮ್ಯಾಲೆ. ಜನ ಹಂಗ ಕೂಗತಿದ್ರು."

ಒಡೆಸ್ಸಾ ಪೂರ್ತಿ ಅವನ ಕಡೆ ತಿರುಗಿ ಕೂತಳು. ದಣಿದ ಮುಖದಲ್ಲಿ ಏನೋ ಎಚ್ಚರವಾಯಿತು, ಒಂದೇ ಕೆಲಸದವರ ಸುದ್ದಿ ಕೇಳಿದಾಗ ಬರುವ ಎಚ್ಚರ. "ಮತ್ತ ನನ್ನ ದನಿ ಮುಗೀತು. ಈಗ ನಿನ್ನ ಪಾಳಿ. ಆಕಿದೊಂದು ಹಾಡು."

"ನನಗ ಹಾಡಾಕ ಬರೂದಿಲ್ರಿ."

"ಹಾಡಬ್ಯಾಡ. ಮಾತು ಹೇಳಿದ್ರೂ ಸಾಕು. ಒಂದ ಸಾಲು."

ಅವನು ಎಂಜಿನ್ ಆರಿಸಿದ. ವಿಷದ ಹಾಡು. ಅದು ಹೇಗೆ ಶುರುವಾಗುತ್ತಿತ್ತು? ಹಾರ್ಮೋನಿಯಂ ಪೇಟಿಯ ಮೇಲೆ ಮಾಸ್ತರರ ಬೆರಳು ಓಡುವುದು ಕಂಡಿತು. ಅವ್ವನ ಜರಿಯ ಸೆರಗು, ಹಣೆಯ ಬೆವರಿನಲ್ಲಿ ಇಳಿದ ಬಣ್ಣ, ಪಕ್ಕದವನ ಬಗಲಿನ ವಾಸನೆ, ತಗಡಿನ ಮೇಲೆ ಬಡಿಯುವ ಕೋಲು, ಸಿಳ್ಳೆ ಎಲ್ಲ ಬಂದವು. ಅವ್ವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹಾಡು ಯಾವಾಗ ಮುಗಿದೀತು ಎಂದು ಹಲ್ಲು ಕಚ್ಚಿ ಕಾಯುತ್ತ ಕೂತವನಿಗೆ ಮಾತು ಎಲ್ಲಿಂದ ಬರಬೇಕು. ರಾಜಾಜಿನಗರದ ಅಡುಗೆಮನೆಯಲ್ಲಿ ಅವಳು ಗುನುಗುತ್ತಿದ್ದುದುಂಟು. ಅವನ ಚಪ್ಪಲಿಯ ಸದ್ದಾದರೆ ನಿಲ್ಲಿಸುತ್ತಿದ್ದಳು. ಬಾಗಿಲಲ್ಲಿ ನಿಂತು, ಅದೇನವ್ವಾ, ಹೇಳು ಎಂದಿದ್ದರೆ ಪಲ್ಯ ಕೈಯಾಡಿಸುತ್ತಲೇ ಹೇಳಿಬಿಡುತ್ತಿದ್ದಳು. ಒಡೆಸ್ಸಾ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಾರ್ಯಕ್ರಮಕ್ಕೆ ಬಂದವಳಂತೆ ಕಾಯುತ್ತಿದ್ದಳು. ಅವನು ಬಾಯಿ ತೆರೆದ. ಒಂಬತ್ತು ವರ್ಷ ರಾಜಾಜಿನಗರದ ಒಂದೇ ಸೂರಿನ ಕೆಳಗೆ ಅವ್ವನ ಕೈತುತ್ತು ಉಂಡ ಮಗನ ಬಾಯಿಗೆ ಅವಳ ಹಾಡಿನ ಒಂದು ಸಾಲೂ ಬರಲಿಲ್ಲ.